ಶುಂಠಿಗೆ ಎರೆದ ಪುಡಿ ನಾಟಲಿಲ್ಲ: ರೈಬೋಸೋಮಿನ ಪ್ರೋಟೀನು ಬದಲಾಗಿರಬಹುದೇ?

ವರದೆಯ ದಡ
ನಮ್ಮ ಮನೆ ಬನವಾಸಿಯ ಹತ್ತಿರ. ಗದ್ದೆಯಲ್ಲಿ ಈ ಸಲವೂ ಶುಂಠಿ ಹಾಕಿದ್ದೇನೆ. ಮಳೆ ಜೋರಾದ ಮೇಲೆ ಅಲ್ಲಲ್ಲಿ ಎಲೆ ಸುರುಳಿ ಸುತ್ತಿ, ಹಳದಿಗೆ ತಿರುಗಿ, ಗಿಡ ಸೊರಗುತ್ತಿದೆ. ಬಿತ್ತುವ ಮೊದಲೇ ಗಡ್ಡೆಯನ್ನು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಸೇರಿದ ಪುಡಿಯ ನೀರಿನಲ್ಲಿ ನೆನೆಸಿ ತೆಗೆದಿದ್ದೆ. ರೋಗ ಕಂಡ ಮೇಲೆ ಬುಡಕ್ಕೂ ಎರೆದೆ. ಸಾಲಿನಿಂದ ಸಾಲಿಗೆ ಹರಡುವುದು ನಿಂತಿಲ್ಲ. ಗೊಬ್ಬರದಂಗಡಿಯವರು ಪ್ರಮಾಣ ದುಪ್ಪಟ್ಟು ಮಾಡಿ ಎನ್ನುತ್ತಾರೆ. ಶಿರಸಿಯಲ್ಲಿ ಬಿಎಸ್ಸಿ ಓದುತ್ತಿರುವ ತಂಗಿಯ ಮಗಳು, "ಮಾವ, ರೋಗಾಣುವಿನ ರೈಬೋಸೋಮಿನಲ್ಲಿ ಒಂದು ಪ್ರೋಟೀನು ಬದಲಾಗಿದ್ದರೆ ಹತ್ತು ಪಟ್ಟು ಸುರಿದರೂ ಅಷ್ಟೇ" ಎನ್ನುತ್ತಾಳೆ. ಯಾರ ಮಾತು ಕೇಳಲಿ? ತಿಳಿದವರು ಬಿಡಿಸಿ ಹೇಳಿ. ಮಾತ್ರೆಯ ಚೀಟಿಯ ಮೇಲಿನ ಭಾಷೆ ಬೇಡ.

ಸೊಪ್ಪಿನ ಬೆಟ್ಟ
ನಮ್ಮಲ್ಲೂ ಇದೇ ಪಾಡು. ಪೊಟ್ಟಣದ ಮೇಲೆ ಪೊಟ್ಟಣ ಖಾಲಿ. ಅಂಗಡಿಯವರ ಲೆಕ್ಕ ಮಾತ್ರ ಸರಿ ಹೋಯಿತು.

ಶಾಲ್ಮಲೆ
ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು, ಶುಂಠಿ ಬೆಳೆದವಳಲ್ಲ. ರೈಬೋಸೋಮಿನ ಮಟ್ಟಿಗೆ ಬರೆಯುತ್ತೇನೆ.

ಜೀವಕೋಶದಲ್ಲಿ ಪ್ರೋಟೀನು ಕಟ್ಟುವುದು ರೈಬೋಸೋಮು. ಅದಕ್ಕೆ ಎರಡು ತುಂಡು. ಬ್ಯಾಕ್ಟೀರಿಯಾದಲ್ಲಿ ಚಿಕ್ಕ ತುಂಡಿಗೆ 30ಎಸ್, ದೊಡ್ಡದಕ್ಕೆ 50ಎಸ್ ಎಂದು ಹೆಸರು. ಇ. ಕೋಲಿಯ ಚಿಕ್ಕ ತುಂಡಿನಲ್ಲಿ ಒಂದು ಆರ್‌ಎನ್‌ಎ ಎಳೆ ಮತ್ತು 21 ಪ್ರೋಟೀನುಗಳಿವೆ. ದೊಡ್ಡದರಲ್ಲಿ ಎರಡು ಎಳೆ, 33 ಪ್ರೋಟೀನು. ಚಿಕ್ಕ ತುಂಡು ವಂಶವಾಹಿಯಿಂದ ಬಂದ ಸಂದೇಶವನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ದೊಡ್ಡದು ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಬೆಸೆದು ಪ್ರೋಟೀನಿನ ಸರಪಳಿ ಮಾಡುತ್ತದೆ.

ಸ್ಟ್ರೆಪ್ಟೊಮೈಸಿನ್ ಬಂದು ಕೂರುವುದು ಚಿಕ್ಕ ತುಂಡಿನಲ್ಲಿ, ಓದುವ ಜಾಗದ ಪಕ್ಕದಲ್ಲೇ. ಅದು ಆರ್‌ಎನ್‌ಎಯನ್ನೂ ಎಸ್12 ಎಂಬ ಪ್ರೋಟೀನನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಆಗ ಓದು ತಪ್ಪುತ್ತದೆ, ಬೇಡದ ಅಮೈನೋ ಆಮ್ಲ ಒಳಗೆ ಸೇರುತ್ತದೆ. ಹೀಗೆ ಕೆಟ್ಟ ಪ್ರೋಟೀನುಗಳು ಕೋಶದ ಪೊರೆಗೂ ಸೇರಿ ಅದನ್ನು ಸೋರುವಂತೆ ಮಾಡುತ್ತವೆ, ಔಷಧ ಇನ್ನಷ್ಟು ಒಳನುಗ್ಗುತ್ತದೆ. ಕ್ಷಯದ ರೋಗಾಣುವಿನ ಎಸ್12ರಲ್ಲಿ 43ನೆಯ ಸ್ಥಾನದಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲವಿದೆ. ಅಲ್ಲಿ ಲೈಸೀನ್ ಹೋಗಿ ಅರ್ಜಿನೀನ್ ಬಂದರೆ ಸ್ಟ್ರೆಪ್ಟೊಮೈಸಿನ್‌ಗೆ ಹಿಡಿತ ಸಿಗುವುದಿಲ್ಲ. 88ನೆಯ ಸ್ಥಾನದ ಲೈಸೀನ್ ಬದಲಾದರೂ ಇದೇ ಫಲ. ಒಂದೇ ಒಂದು ಕೊಂಡಿ. ಸಾಮಾನ್ಯ ತಳಿಯನ್ನು ಕೊಲ್ಲುವ ಪ್ರಮಾಣದ ನೂರಾರು ಪಟ್ಟು ಸುರಿದರೂ ಇಂಥ ತಳಿ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಎಸ್12 ಬದಲಾಗಿರುವುದು ನಿಜವಾದರೆ ನಿಮ್ಮ ತಂಗಿಯ ಮಗಳು ಹೇಳಿದ್ದು ಸರಿ. ದುಪ್ಪಟ್ಟು ಪ್ರಮಾಣದಿಂದ ಲಾಭ ಅಂಗಡಿಗೆ ಮಾತ್ರ.

ಕೃಷಿಯಲ್ಲಿ ಇದು ಆಗಿಯೂ ಇದೆ. ಸೇಬು ಮತ್ತು ಪಿಯರ್ ಮರಗಳಿಗೆ ಬೆಂಕಿ ರೋಗ ತರುವ ಎರ್ವಿನಿಯಾ ಎಂಬ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದಿರುವುದು 1971ರಲ್ಲಿ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಕಂಡಿತು. ಮುಂದೆ ನೋಡಿದಾಗ ಅದೇ 43ನೆಯ ಸ್ಥಾನ ಬದಲಾಗಿತ್ತು.

ದೇವಿಮನೆ ಘಟ್ಟ
ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕೆಲಸ ಆಗುತ್ತಿದೆ. ಗಿಡ ಸತ್ತದ್ದು ಯಾವ ರೋಗದಿಂದ ಎಂದು ಗೊತ್ತಿಲ್ಲ, ಆಗಲೇ ರೋಗಾಣುವಿನ 43ನೆಯ ಕೊಂಡಿಯ ಚರ್ಚೆ. ಇನ್ನೊಂದು ಮಾತು. ನಾನು ರಸಾಯನಶಾಸ್ತ್ರ ಓದಿದವನು. 2009ರಲ್ಲಿ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್, ಅದಾ ಯೋನಾತ್ ಅವರಿಗೆ ನೊಬೆಲ್ ಬಂದದ್ದು ರೈಬೋಸೋಮಿನ ರಚನೆ ತೋರಿಸಿದ್ದಕ್ಕೆ. ಅಮೈನೋ ಆಮ್ಲಗಳ ಬೆಸುಗೆ ನಡೆಯುವ ಜಾಗದ ಸುತ್ತ ಪ್ರೋಟೀನೇ ಇಲ್ಲ, ಕೆಲಸ ಮಾಡುವುದು ಆರ್‌ಎನ್‌ಎ ಎಂಬುದು ಆ ರಚನೆಗಳಿಂದ ತಿಳಿಯಿತು. ಪ್ರೋಟೀನುಗಳು ಆಧಾರಕ್ಕೆ ನಿಂತವು, ಅಷ್ಟೇ. ಅವಕ್ಕೆ ಇಷ್ಟು ಮಹತ್ವ ಏಕೆ?

ಶಾಲ್ಮಲೆ
ಬೆಸುಗೆಯ ಮಟ್ಟಿಗೆ ನಿಮ್ಮ ಮಾತು ಪೂರ್ತಿ ಸರಿ. ಸ್ಟೈಟ್ಸ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದ ರಚನೆಯಲ್ಲಿ ಆ ಜಾಗದಿಂದ ಸುಮಾರು 18 ಆಂಗ್‌ಸ್ಟ್ರಾಂ (ಪರಮಾಣುಗಳ ಮಟ್ಟದ ಅಳತೆ) ದೂರದವರೆಗೆ ಪ್ರೋಟೀನಿನ ಸುಳಿವಿರಲಿಲ್ಲ. ಆದರೆ "ಅಷ್ಟೇ" ಎಂದಿರಲ್ಲ, ಅಲ್ಲಿಗೆ ನನ್ನ ತಕರಾರು. ರಾಮಕೃಷ್ಣನ್ ಅವರ ಗುಂಪು ಅದೇ ವರ್ಷ 30ಎಸ್ ರಚನೆಯನ್ನು ಸ್ಟ್ರೆಪ್ಟೊಮೈಸಿನ್ ಸಮೇತ ತೋರಿಸಿತು, ಅಲ್ಲಿ ಔಷಧವನ್ನು ಮುಟ್ಟುವ ಪ್ರೋಟೀನು ಎಸ್12. ಓದುವ ಜಾಗದ ತೀರ ಹತ್ತಿರಕ್ಕೆ ಕೈ ಚಾಚಿರುವ ಪ್ರೋಟೀನು ಅದು.

ದೊಡ್ಡ ತುಂಡಿನಲ್ಲಿ ಹೊಸ ಪ್ರೋಟೀನು ಹೊರಬರುವ ಒಂದು ಸುರಂಗವಿದೆ. ಅದರ ಅತ್ಯಂತ ಕಿರಿದಾದ ಜಾಗದಲ್ಲಿ ಎಲ್4, ಎಲ್22 ಎಂಬೆರಡು ಪ್ರೋಟೀನುಗಳ ತುದಿಗಳು ಒಳಗೆ ಚಾಚಿಕೊಂಡಿವೆ. ಎರಿತ್ರೊಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಈ ಸುರಂಗದ ಬಾಯಿಯ ಹತ್ತಿರ, ಆರ್‌ಎನ್‌ಎ ಮೇಲೆ ಕೂರುತ್ತದೆ. ಎಲ್22ರ ತುದಿಯಲ್ಲಿ ಮೂರು ಅಮೈನೋ ಆಮ್ಲ ಬಿದ್ದುಹೋದ ಇ. ಕೋಲಿ ತಳಿಯಲ್ಲಿ ಸುರಂಗ ಅಗಲವಾಗುತ್ತದೆ. ಎರಿತ್ರೊಮೈಸಿನ್ ಕೂತಿದ್ದರೂ ಪ್ರೋಟೀನು ಪಕ್ಕದಿಂದ ನುಸುಳಿ ಹೋಗುತ್ತದೆ. ಎಲ್4 ಬದಲಾದ ತಳಿಯಲ್ಲಿ ಔಷಧಕ್ಕೆ ಕೂರುವುದೇ ಕಷ್ಟ. ಪಕ್ಕಪಕ್ಕದ ಎರಡು ಪ್ರೋಟೀನುಗಳು ಒಂದೇ ಔಷಧವನ್ನು ಬೇರೆ ಬೇರೆ ಉಪಾಯದಿಂದ ತಪ್ಪಿಸುತ್ತವೆ. ನನಗೆ ಇದಕ್ಕಿಂತ ಚಂದದ ಪಾಠ ಸಿಕ್ಕಿಲ್ಲ.

ನಿಮ್ಮ ಪರವಾಗಿ ಒಂದು ಮಾತು ಹೇಳಲೇಬೇಕು. ಆಸ್ಪತ್ರೆಗಳಲ್ಲಿ ಎರಿತ್ರೊಮೈಸಿನ್ ಕೆಲಸ ಮಾಡದಿರುವ ಹೆಚ್ಚಿನ ಕಡೆ ಕಾರಣ ಎಲ್4 ಅಥವಾ ಎಲ್22 ಅಲ್ಲ. ಆರ್‌ಎನ್‌ಎಗೆ ಮಿಥೈಲ್ ಗುಂಪು ಎಂಬ ಸಣ್ಣ ತುಣುಕನ್ನು ಅಂಟಿಸುವ ಕಿಣ್ವ, ಇಲ್ಲವೇ ಔಷಧವನ್ನು ಹೊರದಬ್ಬುವ ಪಂಪು. ಪ್ರೋಟೀನಿನ ದಾರಿ ಇದೆ, ಅದೊಂದೇ ದಾರಿಯಲ್ಲ.

ಕಾಳಿ ಸಂಗಮ
ಕಾರವಾರದ ಕಡೆ ಕ್ಷಯರೋಗಿಗಳಿಗೆ ಮಾತ್ರೆ ತಲುಪಿಸಿ, ನುಂಗಿದರೋ ಇಲ್ಲವೋ ನೋಡುವ ಕೆಲಸ ನನ್ನದು. ಹಿಂದೆ ಒಮ್ಮೆ ಚಿಕಿತ್ಸೆ ಮುಗಿಸಿ ಮತ್ತೆ ರೋಗ ಬಂದವರಿಗೆ ಎರಡು ತಿಂಗಳು ಸ್ಟ್ರೆಪ್ಟೊಮೈಸಿನ್ ಸೂಜಿ ಇತ್ತು. ಕೆಲವರಿಗೆ ತಲೆ ಸುತ್ತು, ಕಿವಿಯಲ್ಲಿ ಗುಂಯ್ ಎನ್ನುವುದು, ನಡೆಯುವಾಗ ತೂರಾಡುವುದು. ಆ ಪದ್ಧತಿಯನ್ನು ಈಗ ಕೈಬಿಟ್ಟಿದ್ದಾರೆ. ಹಲವು ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ ಆರು ತಿಂಗಳ ಮಾತ್ರೆಯ ಪದ್ಧತಿಗೆ 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿಗೆ ಕೊಟ್ಟಿದೆ.

ಅಕ್ಕೋರೇ, ನನ್ನ ಪ್ರಶ್ನೆ ಲಿನೆಜೋಲಿಡ್ ಬಗ್ಗೆ. ನಾನು ನೋಡುವ ಒಬ್ಬರು ಮೀನು ಮಾರುವ ಅಮ್ಮ. "ಬರಿಗಾಲಲ್ಲಿ ಮರಳಿನ ಮೇಲೆ ನಿಂತರೆ ಬಿಸಿಯೋ ತಂಪೋ ತಿಳಿಯುವುದಿಲ್ಲ ಮಗಾ" ಎಂದರು. ಪಾದದಡಿಯಲ್ಲಿ ಬಟ್ಟೆ ಸುತ್ತಿದ ಹಾಗೆ ಅನಿಸುತ್ತದೆಯಂತೆ. ವೈದ್ಯರಿಗೆ ತಿಳಿಸಿದ್ದೇನೆ, ಅವರು ನೋಡುತ್ತಿದ್ದಾರೆ. ಬ್ಯಾಕ್ಟೀರಿಯಾದ ರೈಬೋಸೋಮಿಗೆ ಮಾಡಿದ ಔಷಧ ಮನುಷ್ಯರ ಕಾಲಿಗೆ ಏಕೆ ಬರುತ್ತದೆ?

ಶಾಲ್ಮಲೆ
ನಮ್ಮ ಕೋಶದೊಳಗಿನ ಸಾಮಾನ್ಯ ರೈಬೋಸೋಮು 80ಎಸ್, ಪ್ರೋಟೀನುಗಳೇ 80. ಅದರ ಮೇಲೆ ಲಿನೆಜೋಲಿಡ್ ಹೆಚ್ಚು ಪರಿಣಾಮ ಮಾಡುವುದಿಲ್ಲ. ಆದರೆ ಕೋಶದಲ್ಲಿ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಕ್ಕೆ ಬೇರೆಯದೇ ರೈಬೋಸೋಮು ಇದೆ. ಮೈಟೊಕಾಂಡ್ರಿಯ ಯಾವುದೋ ಕಾಲದ ಬ್ಯಾಕ್ಟೀರಿಯಾದ ವಂಶ, ಹಾಗಾಗಿ ಅದರ ರೈಬೋಸೋಮಿನ ಆರ್‌ಎನ್‌ಎಗೆ ಬ್ಯಾಕ್ಟೀರಿಯಾದ ಹೋಲಿಕೆ ಉಳಿದಿದೆ. ಆ ರೈಬೋಸೋಮು ಕಟ್ಟುವುದು ಹದಿಮೂರೇ ಪ್ರೋಟೀನು. ಹದಿಮೂರೂ ಶಕ್ತಿಯ ಉತ್ಪಾದನೆಗೆ ಬೇಕಾದವು. ಲಿನೆಜೋಲಿಡ್ ಅಲ್ಲಿಯೂ ಅಡ್ಡ ಬರುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡಾಗ ಕಾಲಿನ ಉದ್ದದ ನರಗಳು, ಕಣ್ಣಿನ ನರ, ರಕ್ತ ಹುಟ್ಟುವ ಮಜ್ಜೆ ಮೊದಲು ಬಳಲುತ್ತವೆ. ಆ ಅಮ್ಮನಿಗೆ ಕಣ್ಣು ಮಂಜಾಗುತ್ತದೆಯೇ, ಬಣ್ಣ ಮಸುಕಾಗಿ ಕಾಣುತ್ತದೆಯೇ ಎಂದೂ ಕೇಳಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಪ್ರಮಾಣ ಇಳಿಸುವುದೋ ಬಿಡಿಸುವುದೋ ವೈದ್ಯರ ತೀರ್ಮಾನ.

ಸ್ಟ್ರೆಪ್ಟೊಮೈಸಿನ್ ಕಿವಿಗೆ ಬರುವುದಕ್ಕೂ ಇದಕ್ಕೂ ಒಂದು ನಂಟಿದೆ. ಕೆಲವು ಮನೆತನಗಳಲ್ಲಿ ಮೈಟೊಕಾಂಡ್ರಿಯದ ರೈಬೋಸೋಮಿನ ಆರ್‌ಎನ್‌ಎಯಲ್ಲಿ ಒಂದು ಅಕ್ಷರ ಬದಲಾಗಿ ಇನ್ನಷ್ಟು ಬ್ಯಾಕ್ಟೀರಿಯಾದ ಹೋಲಿಕೆ ಬಂದಿರುತ್ತದೆ. ಅಂಥವರಿಗೆ ಈ ಗುಂಪಿನ ಸೂಜಿ ಕೊಟ್ಟರೆ ಕಿವುಡು ಬರಬಹುದು. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ತಂದೆಯಿಂದ ಬರುವುದಿಲ್ಲ. ತಾಯಿಯ ಕಡೆಯಲ್ಲಿ ಸೂಜಿ ಚುಚ್ಚಿಸಿಕೊಂಡ ಮೇಲೆ ಕಿವಿ ಹೋದವರಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಲಿನೆಜೋಲಿಡ್‌ಗೆ ಬಗ್ಗದ ಕ್ಷಯದ ತಳಿಗಳಲ್ಲಿ ಹೆಚ್ಚಾಗಿ ಕಾಣುವ ಬದಲಾವಣೆ ಎಲ್3 ಪ್ರೋಟೀನಿನ 154ನೆಯ ಸ್ಥಾನದಲ್ಲಿ. ದೇವಿಮನೆಯವರೇ, ಬೆಸುಗೆಯ ಜಾಗದತ್ತ ತುದಿ ಚಾಚಿರುವ ಪ್ರೋಟೀನು ಅದು. ಔಷಧವನ್ನು ನೇರ ಮುಟ್ಟುವುದಿಲ್ಲ, ಆದರೂ ಫಲಿತಾಂಶ ಬದಲಿಸುತ್ತದೆ.

ದೇವಿಮನೆ ಘಟ್ಟ
ಆಧಾರಕ್ಕೆ ನಿಂತವನು ಅಲುಗಿದರೆ ಮೇಲಿರುವುದೂ ಅಲುಗುತ್ತದೆ ಎನ್ನುತ್ತೀರಿ. ಒಪ್ಪಿದೆ. ರೋಗ ಯಾವುದೆಂಬ ನನ್ನ ಪ್ರಶ್ನೆಗೆ ಮಾತ್ರ ಇನ್ನೂ ಯಾರೂ ಉತ್ತರಿಸಿಲ್ಲ.

ಗಜನಿ
ಕುಮಟಾದಿಂದ ಬರೆಯುತ್ತಿದ್ದೇನೆ. ಅಘನಾಶಿನಿಯ ಹಿನ್ನೀರಿನಲ್ಲಿ ನಮ್ಮ ಹಿರಿಯರು ಕಗ್ಗ ಭತ್ತ ಬೆಳೆಯುತ್ತಿದ್ದ ಗಜನಿಯಲ್ಲಿ ಸಿಗಡಿ ಸಾಕುತ್ತೇವೆ. ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯಾಟಿಕ್ ನಿಷೇಧವಾಗಿ ಬಹಳ ಕಾಲವಾಯಿತು. ಸಿಗಡಿಯಲ್ಲಿ ಅದರ ಕುರುಹು ಸಿಕ್ಕಿದರೆ ರಫ್ತಿನ ಸರಕು ಅಷ್ಟೂ ವಾಪಸು. ಅದೂ ರೈಬೋಸೋಮಿನ ಔಷಧವೇ? ಬಿಳಿ ಚುಕ್ಕೆ ರೋಗ ಬಂದಾಗ ಕೆಲವರು ಕದ್ದುಮುಚ್ಚಿ ಏನೇನೋ ಸುರಿದದ್ದು ನನಗೆ ಗೊತ್ತು.

ಶಾಲ್ಮಲೆ
ಹೌದು, ಬೆಸುಗೆಯ ಜಾಗದಲ್ಲೇ ಕೂರುತ್ತದೆ. ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಾಗಿ ಔಷಧವನ್ನೇ ಒಂದು ಕಿಣ್ವದಿಂದ ಕೆಡಿಸುತ್ತದೆ, ರೈಬೋಸೋಮನ್ನು ಮುಟ್ಟುವುದೇ ಇಲ್ಲ. ಮನುಷ್ಯರಲ್ಲಿ ಅಪರೂಪಕ್ಕೆ ಮಜ್ಜೆ ಪೂರ್ತಿ ಬತ್ತಿಹೋಗುವ ಅಪಾಯ ಇರುವುದರಿಂದ ಆಹಾರದಲ್ಲಿ ಅದರ ಕುರುಹು ಇರಲೇಬಾರದು ಎಂಬ ಬಿಗಿ ನಿಯಮ. ಬಿಳಿ ಚುಕ್ಕೆ ರೋಗ ತರುವುದು ವೈರಸ್. ವೈರಸ್ಸಿಗೆ ಸ್ವಂತ ರೈಬೋಸೋಮು ಇಲ್ಲ, ಸಿಗಡಿಯದನ್ನೇ ಬಳಸಿಕೊಳ್ಳುತ್ತದೆ. ಸುರಿದವರ ದುಡ್ಡು ನೀರಿಗೆ ಹೋಯಿತು. ಸಿದ್ದಾಪುರದ ಕಡೆ ಮಂಗನ ಕಾಯಿಲೆಗೆ ಆಂಟಿಬಯಾಟಿಕ್ ನಾಟದಿರುವುದೂ ಇದೇ ಕಾರಣಕ್ಕೆ. ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ನಾಟುತ್ತದೆ, ಏಕೆಂದರೆ ಅದನ್ನು ತರುವುದು ಬ್ಯಾಕ್ಟೀರಿಯಾ. ಅದರ 30ಎಸ್ ತುಂಡನ್ನು ಡಾಕ್ಸಿಸೈಕ್ಲಿನ್ ಹಿಡಿಯುತ್ತದೆ.

ಸೊಪ್ಪಿನ ಬೆಟ್ಟ
ಹಾಗಾದರೆ ಔಷಧ ಹಾಕುವುದನ್ನು ನಾಲ್ಕು ವರ್ಷ ಬಿಟ್ಟುಬಿಟ್ಟರೆ ಬದಲಾದ ರೋಗಾಣು ಹಳೆಯ ಸ್ಥಿತಿಗೆ ಬರುವುದಿಲ್ಲವೇ? ಬಲ ಕಳೆದುಕೊಂಡ ತಳಿ ತಾನಾಗಿಯೇ ಸಾಯಬೇಕಲ್ಲ.

ಶಾಲ್ಮಲೆ
ಈ ಪ್ರಶ್ನೆಗಾಗಿ ಕಾಯುತ್ತಿದ್ದೆ.

ಎಸ್12 ಬದಲಾದಾಗ ಬ್ಯಾಕ್ಟೀರಿಯಾಕ್ಕೆ ಬೆಲೆ ತೆರಬೇಕಾಗುವುದು ನಿಜ. ಇಂಥ ಎಷ್ಟೋ ತಳಿಗಳ ರೈಬೋಸೋಮು ಅತಿಯಾಗಿ ಎಚ್ಚರ ವಹಿಸುತ್ತದೆ. ತಪ್ಪು ಕಡಿಮೆ, ಆದರೆ ಓದು ನಿಧಾನ, ಆದ್ದರಿಂದ ಬೆಳವಣಿಗೆಯೂ ನಿಧಾನ. ಕೆಲವು ತಳಿಗಳು ಸ್ಟ್ರೆಪ್ಟೊಮೈಸಿನ್ ಇಲ್ಲದೆ ಬೆಳೆಯುವುದೇ ಇಲ್ಲ. ಕೊಲ್ಲಬೇಕಾದ ಔಷಧವೇ ಅವಕ್ಕೆ ಊರುಗೋಲಾಗುತ್ತದೆ. ಔಷಧ ನಿಲ್ಲಿಸಿದರೆ ಇವು ಹಿಂದೆ ಬೀಳುತ್ತವೆ ಎಂದು ಯಾರಿಗಾದರೂ ಅನಿಸುತ್ತದೆ.

ಪ್ರಯೋಗಾಲಯದಲ್ಲಿ ಬೇರೆಯೇ ಕಂಡಿತು. ಔಷಧವಿಲ್ಲದೆ ತಲೆಮಾರುಗಟ್ಟಲೆ ಬೆಳೆಸಿದಾಗ ಹೆಚ್ಚಿನ ತಳಿಗಳು ಎಸ್12ನ್ನು ಹಳೆಯ ರೂಪಕ್ಕೆ ತರಲಿಲ್ಲ. ಬದಲು ಎಸ್4, ಎಸ್5 ಎಂಬ ನೆರೆಯ ಪ್ರೋಟೀನುಗಳಲ್ಲಿ ಹೊಸ ಬದಲಾವಣೆ ಬಂತು. ಈ ಬದಲಾವಣೆಗಳು ಓದನ್ನು ಸ್ವಲ್ಪ ಸಡಿಲ ಮಾಡುತ್ತವೆ. ಅತಿ ಎಚ್ಚರ ಒಂದು ಕಡೆ, ಸಡಿಲು ಇನ್ನೊಂದು ಕಡೆ. ಎರಡೂ ಸೇರಿ ವೇಗ ಮರಳಿತು, ಔಷಧಕ್ಕೆ ಬಗ್ಗದ ಗುಣ, ಅಂದರೆ ನಿರೋಧಕತೆ, ಹಾಗೆಯೇ ಉಳಿಯಿತು. ಮಳೆಗಾಲದಲ್ಲಿ ಉಬ್ಬಿದ ಬಾಗಿಲಿಗೆ ತಕ್ಕಂತೆ ಚೌಕಟ್ಟನ್ನೇ ಉಜ್ಜಿ ಹೊಂದಿಸಿದಂತೆ ಇದು. ಆಮೇಲೆ ಹಳೆಯ ಬಾಗಿಲು ತಂದರೆ ಅದು ಕೂರುವುದಿಲ್ಲ. ಎಸ್4 ಬದಲಾದ ಮೇಲೆ ಹಳೆಯ ಎಸ್12 ಬಂದರೆ ಓದು ತೀರ ಸಡಿಲವಾಗಿ ಬ್ಯಾಕ್ಟೀರಿಯಾ ಸೋಲುತ್ತದೆ. ಹಿಂದಿನ ದಾರಿ ಮುಚ್ಚಿತು.

ಇನ್ನು 43ನೆಯ ಲೈಸೀನ್ ಹೋಗಿ ಅರ್ಜಿನೀನ್ ಬಂದ ತಳಿ. ಅದಕ್ಕೆ ಬೆಲೆ ಹೆಚ್ಚುಕಡಿಮೆ ಏನೂ ಇಲ್ಲ. ಎರಡೂ ಧನ ವಿದ್ಯುದಂಶವುಳ್ಳ ಅಮೈನೋ ಆಮ್ಲಗಳು, ಗಾತ್ರದಲ್ಲೂ ಹತ್ತಿರ. ರೈಬೋಸೋಮಿಗೆ ವ್ಯತ್ಯಾಸ ತಟ್ಟುವುದಿಲ್ಲ, ಔಷಧಕ್ಕೆ ತಟ್ಟುತ್ತದೆ. ರೋಗಿಗಳಿಂದ ತೆಗೆದ ಕ್ಷಯದ ತಳಿಗಳಲ್ಲಿ ಇದೇ ಹೆಚ್ಚಾಗಿ ಸಿಗುವುದು ಆಶ್ಚರ್ಯವಲ್ಲ. ನಾಲ್ಕು ವರ್ಷವಲ್ಲ, ಎಷ್ಟು ವರ್ಷ ಬಿಟ್ಟರೂ ಅದು ಹೋಗಬೇಕಾದ ಒತ್ತಾಯವೇ ಇಲ್ಲ.

ಕಾಳಿ ಸಂಗಮ
ಮಾತ್ರೆಯನ್ನು ಅರ್ಧಕ್ಕೆ ಬಿಟ್ಟು "ಸ್ವಲ್ಪ ದಿನ ಬಿಟ್ಟು ಮತ್ತೆ ಶುರು ಮಾಡಿದರಾಯಿತು" ಎನ್ನುವವರಿಗೆ ಇದನ್ನು ಓದಿ ಹೇಳುತ್ತೇನೆ.

ಬಿಎಸ್ಸಿ ಕೊನೆಯ ವರ್ಷ
ಮಾವ ಹೇಳಿದ ತಂಗಿಯ ಮಗಳು ನಾನೇ. ಮೇಡಂ, ಪಠ್ಯದಲ್ಲಿ ರೈಬೋಸೋಮಿನ ಪ್ರೋಟೀನುಗಳಿಗೆ ಹೊರಗೂ ಕೆಲಸ ಇದೆ ಎಂದು ಒಂದೇ ಸಾಲು ಇದೆ. ಕ್ಯಾನ್ಸರ್‌ಗೂ ಸಂಬಂಧವಿದೆಯೇ?

ಶಾಲ್ಮಲೆ
ಇದೆ. ನಮ್ಮ ಕೋಶದಲ್ಲಿ ರೈಬೋಸೋಮು ಕಟ್ಟುವ ಕೆಲಸ ಕೆಟ್ಟಾಗ ಎಲ್5, ಎಲ್11 ಪ್ರೋಟೀನುಗಳು ಜೋಡಣೆಗೆ ಸೇರದೆ ಉಳಿದು ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದುಕೊಳ್ಳುತ್ತವೆ. ಎಂಡಿಎಂ2 ಮಾಡುವ ಕೆಲಸ, ಕೋಶದ ವಿಭಜನೆಗೆ ತಡೆ ಹಾಕುವ ಪಿ53 ಪ್ರೋಟೀನನ್ನು ನಾಶಮಾಡುವುದು. ಅದರ ಕೈ ಕಟ್ಟಿದ್ದರಿಂದ ಪಿ53 ಉಳಿಯುತ್ತದೆ, ಕೋಶದ ವಿಭಜನೆ ನಿಲ್ಲುತ್ತದೆ, ಕೆಲವೊಮ್ಮೆ ಕೋಶವೇ ಸಾಯುತ್ತದೆ. ಆಕ್ಸಲಿಪ್ಲಾಟಿನ್‌ನಂಥ ಕೆಲವು ಕ್ಯಾನ್ಸರ್ ಔಷಧಗಳು ರೈಬೋಸೋಮಿನ ತಯಾರಿಯನ್ನು ಕೆಡಿಸುತ್ತವೆ. ಪಿ53 ಮೊದಲೇ ಹಾಳಾಗಿರುವ ಕ್ಯಾನ್ಸರ್ ಗಡ್ಡೆಯಲ್ಲಿ ಈ ಎಚ್ಚರಿಕೆ ಕೇಳುವವರು ಇರುವುದಿಲ್ಲ.

ಡೈಮಂಡ್–ಬ್ಲ್ಯಾಕ್‌ಫ್ಯಾನ್ ರಕ್ತಹೀನತೆಯನ್ನೂ ಓದು. ಎಸ್19 ಪ್ರೋಟೀನಿನ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಸಾಕು, ಹಸುಗೂಸಿಗೆ ಕೆಂಪು ರಕ್ತಕಣ ಸಾಲದಾಗುತ್ತದೆ. ಇದು 1999ರಲ್ಲಿ ತಿಳಿಯಿತು. ರೈಬೋಸೋಮು ಮೈತುಂಬ ಇದ್ದರೂ ಪೆಟ್ಟು ಬೀಳುವುದು ಮುಖ್ಯವಾಗಿ ರಕ್ತಕ್ಕೆ. ಉಳಿದದ್ದನ್ನು ತರಗತಿಯಲ್ಲಿ ಕೇಳು, ಇಲ್ಲಿ ಶುಂಠಿಯ ಗದ್ದೆ ಕಾಯುತ್ತಿದೆ.

ಹೊಳೆಯಾಚೆ ತೋಟ
ಮುಂಡಗೋಡದ ಕಡೆ ಎಷ್ಟೋ ವರ್ಷ ಶುಂಠಿ ಮಾಡಿದವನು. ವರದೆಯ ದಡದವರೇ, ದೇವಿಮನೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ಮಳೆಗಾಲದಲ್ಲಿ ಶುಂಠಿ ಸಾಯುವುದು ಹೆಚ್ಚಾಗಿ ಎರಡು ರೋಗದಿಂದ. ಒಂದು ದುಂಡಾಣು ಸೊರಗು ರೋಗ, ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದಿಂದ. ಇನ್ನೊಂದು ಪಿಥಿಯಮ್ ಎಂಬ ಬೂಸ್ಟಿನಂಥ ಜೀವಿಯಿಂದ ಬರುವ ಗಡ್ಡೆ ಕೊಳೆ. ದೂರದಿಂದ ನೋಡಿದರೆ ಎರಡೂ ಒಂದೇ.

ಈಗಷ್ಟೇ ಸೊರಗುತ್ತಿರುವ ಗಿಡ ಕಿತ್ತು ತನ್ನಿ, ಪೂರ್ತಿ ಸತ್ತದ್ದು ಬೇಡ. ಬುಡದ ಹತ್ತಿರ ಕಾಂಡವನ್ನು ಬೆರಳುದ್ದ ಕತ್ತರಿಸಿ ಮಣ್ಣು ತೊಳೆಯಿರಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ಮಾತ್ರ ನೀರಿಗೆ ತಾಗುವಂತೆ ಹಿಡಿಯಿರಿ. ಅಲುಗಾಡಿಸಬೇಡಿ. ಲೋಟದ ಹಿಂದೆ ಕಪ್ಪು ಬಟ್ಟೆ ಇಟ್ಟರೆ ಚೆನ್ನಾಗಿ ಕಾಣುತ್ತದೆ. ಕೆಲವೇ ನಿಮಿಷದಲ್ಲಿ ತುದಿಯಿಂದ ಬಿಳಿ ಎಳೆ ಇಳಿದು ನೀರು ಮಂಜಾದರೆ ಬ್ಯಾಕ್ಟೀರಿಯಾ. ನೀರು ತಿಳಿಯಾಗಿಯೇ ಉಳಿದರೆ, ಗಡ್ಡೆ ಮೆತ್ತಗಾಗಿ ಕೊಳೆತಿದ್ದರೆ, ಪಿಥಿಯಮ್ ಮೇಲೆ ಅನುಮಾನ.

ಶಾಲ್ಮಲೆ
ಪಿಥಿಯಮ್ ಆಗಿದ್ದರೆ ಸ್ಟ್ರೆಪ್ಟೊಮೈಸಿನ್ ಎರೆದದ್ದು ಮೊದಲ ದಿನದಿಂದಲೇ ದಂಡ. ಅದರ ಕೋಶದಲ್ಲಿರುವುದು ನಮ್ಮ ಹಾಗೆ 80ಎಸ್ ರೈಬೋಸೋಮು. ಅಲ್ಲಿ ನಿರೋಧಕತೆಯ ಪ್ರಶ್ನೆಯೇ ಏಳುವುದಿಲ್ಲ, ಔಷಧಕ್ಕೆ ಗುರಿಯೇ ಇಲ್ಲ.

ವರದೆಯ ದಡ
ಮಾಡಿ ನೋಡಿದೆ. ಮೇಲಿನ ಮಡಿಯ ಗಿಡ: ಎರಡು ನಿಮಿಷವೂ ಆಗಿರಲಿಲ್ಲ, ತುದಿಯಿಂದ ತೆಳ್ಳನೆಯ ಬಿಳಿ ಎಳೆ ಹೊರಟು ನೇರ ತಳಕ್ಕೆ ಇಳಿಯಿತು, ಹಿಂದೆಯೇ ಇನ್ನೊಂದು. ನೀರು ಕದಡಿ ತಳ ಕಾಣದಾಯಿತು. ಮನೆಯವಳು ಆ ಲೋಟವನ್ನು ಮತ್ತೆ ಅಡಿಗೆಮನೆಗೆ ತರಕೂಡದು ಎಂದಳು. ಕೆಳಗಿನ ಮಡಿಯ ಗಿಡದಲ್ಲಿ ಏನೂ ಬರಲಿಲ್ಲ. ಅಲ್ಲಿ ನೀರು ನಿಲ್ಲುತ್ತದೆ, ಗಡ್ಡೆ ಒತ್ತಿದರೆ ಪಿಚಕ್ ಎನ್ನುತ್ತದೆ, ಕೆಟ್ಟ ವಾಸನೆ. ಅಂದರೆ ಎರಡೂ ಇವೆ?

ಹೊಳೆಯಾಚೆ ತೋಟ
ಎರಡೂ ಇವೆ. ಕೆಳಗಿನ ಮಡಿಗೆ ಮೊದಲು ಬಸಿಗಾಲುವೆ ಆಳ ಮಾಡಿ, ಕೊಳೆತ ಬುಡ ಕಿತ್ತು ಹಾಕಿ, ಬೋರ್ಡೋ ದ್ರಾವಣ ಎರೆಯಿರಿ. ಅಡಿಕೆಗೆ ಹೇಗೂ ಮಾಡಿಯೇ ಇರುತ್ತೀರಿ.

ಶಾಲ್ಮಲೆ
ಮೇಲಿನ ಮಡಿಯಲ್ಲಿ ಬ್ಯಾಕ್ಟೀರಿಯಾ ಇರುವುದು ಸ್ಪಷ್ಟ. ಅದರ ಎಸ್12 ಬದಲಾಗಿದೆಯೇ ಎಂಬುದನ್ನು ಲೋಟ ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿ, ಔಷಧದ ಬಿಲ್ಲೆ ಇಟ್ಟು ನೋಡಬೇಕು, ಇಲ್ಲವೇ ಎಸ್12ರ ವಂಶವಾಹಿಯನ್ನು ಓದಿಸಬೇಕು. ಬದಲಾಗಿರದೆಯೂ ಔಷಧ ಸೋಲಬಹುದು. ಸ್ಟ್ರೆಪ್ಟೊಮೈಸಿನ್ ಧನ ವಿದ್ಯುದಂಶದ ಅಣು, ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ರೋಗಾಣು ಇರುವುದು ಕಾಂಡದ ನೀರಿನ ಕೊಳವೆಗಳ ಒಳಗೆ. ಬುಡಕ್ಕೆ ಎರೆದದ್ದರಲ್ಲಿ ಎಷ್ಟು ಅಲ್ಲಿಗೆ ಮುಟ್ಟೀತು?

ಆದರೆ ಮಣ್ಣಿನಲ್ಲಿ ಇನ್ನೂ ನೂರಾರು ಬಗೆಯ ಬ್ಯಾಕ್ಟೀರಿಯಾ ಇವೆ, ಔಷಧ ಅವನ್ನೆಲ್ಲ ಮುಟ್ಟುತ್ತದೆ. ನಿರೋಧಕತೆಯ ವಂಶವಾಹಿಗಳಲ್ಲಿ ಕೆಲವು ಒಂದರಿಂದ ಇನ್ನೊಂದಕ್ಕೆ ದಾಟಬಲ್ಲವು. ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಬೆಳೆಗಳಿಗೆ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬಳಕೆಯನ್ನು ನಿಲ್ಲಿಸುವ ಕರಡು ಆದೇಶ ಹೊರಡಿಸಿದ್ದು ಸುಮ್ಮನೆ ಅಲ್ಲ.

ವರದೆಯ ದಡ
ಉಳಿದ ಪೊಟ್ಟಣಗಳನ್ನು ಅಂಗಡಿಗೆ ವಾಪಸು ಕೊಟ್ಟೆ. ಮುಖ ಸಿಂಡರಿಸಿ ತೆಗೆದುಕೊಂಡರು. ಮುಂದಿನ ವರ್ಷ ಮೇಲಿನ ಮಡಿಗೆ ಮೆಣಸಿನಕಾಯಿ, ಬದಿಗೆ ಬದನೆ ಹಾಕೋಣ ಎಂದಿದ್ದೇನೆ.

ಹೊಳೆಯಾಚೆ ತೋಟ
ಬೇಡ ಮಾರಾಯರೇ. ಮೆಣಸಿನಕಾಯಿ, ಬದನೆ, ಟೊಮೆಟೊ, ನೆಲಗಡಲೆ, ಎಲ್ಲಕ್ಕೂ ರಾಲ್‌ಸ್ಟೋನಿಯಾ ಬರುತ್ತದೆ. ಭತ್ತ ಹಾಕಿ, ಇಲ್ಲವೇ ಗೋವಿನಜೋಳ. ಕೆಲವು ವರ್ಷ ಆ ಮಡಿಗೆ ಶುಂಠಿ ತರಬೇಡಿ. ಮೇಲಿನ ಮಡಿಯ ನೀರು ಕೆಳಗಿಳಿಯದಂತೆ ಈಗಲೇ ಬದು ಕಟ್ಟಿ, ಆ ಮಡಿಯಲ್ಲಿ ಬಳಸಿದ ಗುದ್ದಲಿಯನ್ನು ತೊಳೆಯದೆ ಇನ್ನೊಂದು ಮಡಿಗೆ ಇಳಿಸಬೇಡಿ. ಬಿತ್ತನೆ ಗಡ್ಡೆಯನ್ನು ರೋಗ ಕಾಣದ ಗದ್ದೆಯಿಂದಲೇ, ಬೆಳೆ ನಿಂತಿರುವಾಗಲೇ ನೋಡಿ ಗೊತ್ತುಮಾಡಿಕೊಳ್ಳಿ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಈ ರೋಗಕ್ಕೆ ಬ್ಯಾಸಿಲಸ್ ಜಾತಿಯ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಡುತ್ತಾರೆ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅದರ ಬಗ್ಗೆ ವಿಚಾರಿಸಿ. ಹೋಗುವಾಗ ಎರಡೂ ಮಡಿಯ ಗಿಡವನ್ನು ಬೇರೆ ಬೇರೆ ಚೀಲದಲ್ಲಿ ಕಟ್ಟಿ ತೆಗೆದುಕೊಂಡು ಹೋಗಿ.